ಜೀವನಚರಿತ್ರೆ ಪ್ರಾಜೆಕ್ಟಿಗೆ ಟಿಪ್ಪಣಿ ಮಾಡುವ ಕ್ರಮ: ಕೊಡಗಿನ ವಿದ್ಯಾರ್ಥಿಗಳಿಗೆ

“1949ರ ಜನವರಿ 15ರಂದು ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು ಭಾರತೀಯ ಸೇನೆಯ ಅಧಿಕಾರ ವಹಿಸಿಕೊಂಡರು.” ಓದಿದರೆ ಎಲ್ಲವೂ ಸರಿಯಾಗಿಯೇ ಇದೆ ಅನ್ನಿಸುತ್ತದೆ. ದಿನಾಂಕ ಸರಿ, ಆ ದಿನವನ್ನೇ ಸೇನಾ ದಿನವೆಂದು ಆಚರಿಸುತ್ತೇವೆ. ಆದರೆ ಅಂದು ಅವರು ಫೀಲ್ಡ್ ಮಾರ್ಷಲ್ ಆಗಿರಲಿಲ್ಲ. ಆ ಪದವಿ ಬಂದದ್ದು 1986ರಲ್ಲಿ, ಸೇನೆಯಿಂದ ನಿವೃತ್ತರಾಗಿ 33 ವರ್ಷ ಕಳೆದ ಮೇಲೆ.

ಇಂಥ ತಪ್ಪು ಪ್ರಬಂಧ ಬರೆಯಲು ಕೂತಾಗ ಹುಟ್ಟುವುದಿಲ್ಲ. ಅದಕ್ಕೂ ಒಂದು ತಿಂಗಳು ಮೊದಲು, “ಫೀ. ಮಾ. ಕಾರ್ಯಪ್ಪ, ಸೇನಾ ಮುಖ್ಯಸ್ಥ, 1949” ಎಂದು ಅರ್ಧ ಸಾಲು ಗೀಚಿಕೊಂಡಾಗಲೇ ಹುಟ್ಟಿರುತ್ತದೆ. ಜೀವನಚರಿತ್ರೆಯಲ್ಲಿ ಕಷ್ಟದ ಕೆಲಸ ಬರವಣಿಗೆಯಲ್ಲ, ಟಿಪ್ಪಣಿ. ಪ್ರತಿ ಟಿಪ್ಪಣಿಯೂ ಮೂರು ಪ್ರಶ್ನೆಗಳಿಗೆ ಉತ್ತರ ಕೊಡಬೇಕು: ಇದನ್ನು ಹೇಳಿದ್ದು ಯಾರು? ಎಲ್ಲಿ ಸಿಕ್ಕಿತು? ಈ ಮಾತು ಅವರದೋ ನನ್ನದೋ? ಮೂರರಲ್ಲಿ ಒಂದಕ್ಕೆ ಉತ್ತರ ಇಲ್ಲದಿದ್ದರೂ ಆ ಟಿಪ್ಪಣಿಯನ್ನು ಬಳಸಲು ಬರುವುದಿಲ್ಲ.

ಶುರುಮಾಡುವ ಮೊದಲು

ವ್ಯಕ್ತಿಯನ್ನು ಆರಿಸಿದರೆ ಸಾಲದು, ಒಂದು ಪ್ರಶ್ನೆಯನ್ನೂ ಆರಿಸಿಕೊಳ್ಳಿ. ಹತ್ತು ಪುಟದ ಪ್ರಾಜೆಕ್ಟಿನಲ್ಲಿ ಜನರಲ್ ತಿಮ್ಮಯ್ಯನವರ ಇಡೀ ಬದುಕು ಹಿಡಿಸುವುದಿಲ್ಲ. “ಕೊರಿಯಾ ಯುದ್ಧಕೈದಿಗಳ ವಿಷಯದಲ್ಲಿ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿ ತಿಮ್ಮಯ್ಯನವರು ಏನು ಮಾಡಬೇಕಿತ್ತು, ಅದು ಯಾಕೆ ಕಷ್ಟವಾಗಿತ್ತು?” ಎಂಬ ಪ್ರಶ್ನೆ ಹಿಡಿಸುತ್ತದೆ. “27ನೇ ವಯಸ್ಸಿಗೇ ತೀರಿಹೋದ ಕೊಡಗಿನ ಗೌರಮ್ಮನವರ ಕತೆಗಳಲ್ಲಿ ಹೆಣ್ಣುಮಕ್ಕಳ ಯಾವ ಸಂಕಟ ಮತ್ತೆ ಮತ್ತೆ ಬರುತ್ತದೆ?” ಎಂಬುದೂ ಹಿಡಿಸುತ್ತದೆ. ನಿಮ್ಮೂರಿನ ನಿವೃತ್ತ ಸುಬೇದಾರರು, ಸೂಲಗಿತ್ತಿ, ಏಕೋಪಾಧ್ಯಾಯ ಶಾಲೆಯ ಮೇಷ್ಟರು, ತೋಟದಲ್ಲಿ ದುಡಿದ ಯರವ ಅಥವಾ ಜೇನುಕುರುಬ ಹಿರಿಯರು ಕೂಡ ಜೀವನಚರಿತ್ರೆಗೆ ತಕ್ಕವರೇ. ಅವರ ಬಗ್ಗೆ ಕಾಗದಪತ್ರ ಕಡಿಮೆ ಇರುವುದರಿಂದ ನಿಮ್ಮ ಟಿಪ್ಪಣಿಯೇ ಮೊದಲ ದಾಖಲೆ ಆಗಬಹುದು. ಹಾಗಾಗಿ ಅಲ್ಲಿ ಎಚ್ಚರಿಕೆ ಹೆಚ್ಚು ಬೇಕು.

ಬೇಕಾದ ಸಾಮಾನು ಕಡಿಮೆ. 25 ಎ4 ಹಾಳೆಗಳನ್ನು ನಾಲ್ಕಾಗಿ ಕತ್ತರಿಸಿದರೆ 100 ಚೀಟಿ ಸಿಗುತ್ತವೆ; ಒಂದೊಂದೂ ಅಂಗೈಗಿಂತ ಸ್ವಲ್ಪ ದೊಡ್ಡದು. ಹತ್ತು ಪುಟದ ಪ್ರಾಜೆಕ್ಟಿಗೆ 60ರಿಂದ 80 ಚೀಟಿ ಸಾಕಾಗುತ್ತವೆ, ಮಿಕ್ಕವು ಹಾಳಾಗುವ ಲೆಕ್ಕಕ್ಕೆ. ಜೊತೆಗೆ 100 ಪುಟದ ಒಂದು ನೋಟ್‌ಬುಕ್, ಮುಚ್ಚಳ ಗಟ್ಟಿಯಾಗಿರುವ ಒಂದು ಡಬ್ಬಿ, ಒಂದು ಪೆನ್ಸಿಲ್, ಬಾಲ್ ಪೆನ್. ಜೆಲ್ ಪೆನ್ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಕಾಗದ ಗಾಳಿಯಿಂದಲೇ ತೇವ ಹೀರುತ್ತದೆ. ಜೆಲ್ ಶಾಯಿ ಹರಡಿ 3 ಯಾವುದು 8 ಯಾವುದು ತಿಳಿಯದಂತಾಗುತ್ತದೆ. ಮೊಬೈಲಿನಲ್ಲೋ ಕಂಪ್ಯೂಟರಿನಲ್ಲೋ ಬರೆಯುವವರಿಗೂ ಕ್ರಮ ಇದೇ: ಒಂದು ಚೀಟಿ ಎಂದರೆ ಒಂದು ಟಿಪ್ಪಣಿ. ಒಂದೇ ಉದ್ದ ಕಡತದಲ್ಲಿ ಎಲ್ಲವನ್ನೂ ತುಂಬಿದರೆ ಆಮೇಲೆ ಜೋಡಿಸಲಿಕ್ಕೆ ಆಗುವುದಿಲ್ಲ.

ಆಕರಗಳ ಪಟ್ಟಿ ಮೊದಲು, ಓದು ಆಮೇಲೆ

ಪುಸ್ತಕ ತೆರೆದ ಕೂಡಲೇ ಓದಲು ಶುರುಮಾಡಬೇಡಿ. ನೋಟ್‌ಬುಕ್ಕಿನ ಮೊದಲ ಪುಟಗಳಲ್ಲಿ ಆ ಪುಸ್ತಕದ ಹೆಸರು, ಬರೆದವರು, ಪ್ರಕಾಶಕರು, ಊರು, ವರ್ಷ, ಎಷ್ಟನೇ ಮುದ್ರಣ, ಯಾವ ಗ್ರಂಥಾಲಯದ್ದು, ಅಲ್ಲಿನ ಕ್ರಮಸಂಖ್ಯೆ ಏನು ಎಂದು ಬರೆದು, ಅದಕ್ಕೊಂದು ಗುರುತು ಕೊಡಿ. ಪುಸ್ತಕವಾದರೆ ಪು1, ಪು2, ಪತ್ರಿಕೆಯಾದರೆ ಪ1, ಪ2, ಮಾತುಕತೆಯಾದರೆ ಮಾ1, ಚಿತ್ರ, ಶಿಲಾಫಲಕ, ಪದಕ, ವಸ್ತುಸಂಗ್ರಹಾಲಯದ ಫಲಕ ಎಲ್ಲಕ್ಕೂ ಚಿ1, ಚಿ2, ಜಾಲತಾಣಕ್ಕೆ ಜಾ1. ಇನ್ನು ಮುಂದೆ ಚೀಟಿಯ ಮೇಲೆ ಪುಸ್ತಕದ ಹೆಸರು ಬರೆಯಬೇಕಿಲ್ಲ, ಪು2 ಅಂದರೆ ಸಾಕು.

ಈ ಕೆಲಸಕ್ಕೆ ಐದು ನಿಮಿಷ ಬೇಕು. ಮುಂದೂಡಿದರೆ, ಪುಸ್ತಕ ಮರಳಿಸಿದ ಮೇಲೆ ಪುಟಸಂಖ್ಯೆಗೋಸ್ಕರ ಮತ್ತೆ ಬಸ್ಸು ಹತ್ತಿ ಮಡಿಕೇರಿಗೆ ಹೋಗಬೇಕಾಗುತ್ತದೆ. ಮುದ್ರಣದ ಸಂಖ್ಯೆ ಯಾಕೆ ಬೇಕು ಎಂದರೆ, ಮರುಮುದ್ರಣದಲ್ಲಿ ಪುಟಗಳು ಸರಿದಿರುತ್ತವೆ. ನಿಮ್ಮ “ಪುಟ 112” ನಿಮ್ಮ ಮೇಷ್ಟರ ಪ್ರತಿಯಲ್ಲಿ 98 ಆಗಿರಬಹುದು.

ಚೀಟಿ ಹೇಗಿರಬೇಕು

ಒಂದು ಚೀಟಿಯಲ್ಲಿ ಒಂದೇ ಸಂಗತಿ, ಒಂದೇ ಆಕರ, ಒಂದೇ ಮಗ್ಗುಲು. ಹಿಂಬದಿಯಲ್ಲಿ ಬರೆದದ್ದು ಮೇಜಿನ ಮೇಲೆ ಹರಡಿದಾಗ ಕಾಣುವುದಿಲ್ಲ, ಮರೆತೇಹೋಗುತ್ತದೆ. ಮಾದರಿಗೆ, ತಿಮ್ಮಯ್ಯನವರ ಬಗ್ಗೆ ಒಂದು:

ಪು2 – 9 (ಪುಟ 214)
ವಿಷಯ: ಕೊನೆಯ ಹುದ್ದೆ
ಸಾ: 1965ರ ಡಿಸೆಂಬರ್ 18ರಂದು ಸೈಪ್ರಸ್‌ನಲ್ಲಿ ನಿಧನ. ಆಗ ಅಲ್ಲಿನ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ದಂಡನಾಯಕರು.
ನ: ಸೇನಾ ಮುಖ್ಯಸ್ಥ ಹುದ್ದೆಯಿಂದ ನಿವೃತ್ತಿ 1961. ನಡುವಿನ ವರ್ಷಗಳ ಚೀಟಿ ಒಂದೂ ಇಲ್ಲ.
?: ಮಡಿಕೇರಿಗೆ ಸುದ್ದಿ ತಲುಪಿದ್ದು ಯಾವ ದಿನ? 1965 ಡಿಸೆಂಬರ್ ಪತ್ರಿಕೆ ನೋಡುವುದು.

ಪು2 ಎಂಬುದು ಆಕರ, 9 ಎಂಬುದು ಆ ಆಕರದಿಂದ ತೆಗೆದ ಒಂಬತ್ತನೇ ಚೀಟಿ. “ಸಾ” ಎಂದರೆ ಸಾರಾಂಶ, ಅವರ ವಿಷಯ ನಿಮ್ಮ ಮಾತಿನಲ್ಲಿ. “ನ” ಎಂದರೆ ನಿಮ್ಮ ಸ್ವಂತ ಯೋಚನೆ. “?” ಎಂದರೆ ಇನ್ನೂ ಹುಡುಕಬೇಕಾದ್ದು. ಅವರ ಮಾತನ್ನೇ ಅಕ್ಷರಶಃ ಇಳಿಸಿದರೆ ಎರಡೂ ಕಡೆ ದಪ್ಪನೆಯ ಉದ್ಧರಣ ಚಿಹ್ನೆ ಹಾಕಿ. ನಡುವೆ ಏನಾದರೂ ಬಿಟ್ಟರೆ ಮೂರು ಚುಕ್ಕಿ ಇಡಿ. ಮೂಲದಲ್ಲೇ ತಪ್ಪಿದ್ದರೆ ತಿದ್ದಬೇಡಿ. ಹಾಗೆಯೇ ಇಳಿಸಿ ಪಕ್ಕದಲ್ಲಿ “ಮೂಲದಲ್ಲಿ ಹೀಗಿದೆ” ಎಂದು ಬರೆಯಿರಿ.

ಈ ನಾಲ್ಕು ಗುರುತುಗಳನ್ನು ತಪ್ಪದೆ ಹಾಕುವುದು ಅತಿ ಮುಖ್ಯ. ಬೇರೆಯವರ ಸಾಲು ನಮ್ಮ ಪ್ರಬಂಧದಲ್ಲಿ ನಮ್ಮದಾಗಿ ಬಂದುಬಿಡುವುದು ಬಹುಪಾಲು ಕಳ್ಳತನದ ಬುದ್ಧಿಯಿಂದಲ್ಲ. ಮೂರು ವಾರ ಕಳೆದ ಮೇಲೆ ಚೀಟಿ ನೋಡಿದಾಗ ಅದು ತನ್ನದೋ ಅವರದೋ ಗೊತ್ತಾಗದೆ. ಸಾರಾಂಶ ಬರೆಯುವಾಗ ಪುಸ್ತಕ ಎದುರಿಗೆ ತೆರೆದಿರಬಾರದು. ಒಂದು ಪ್ಯಾರಾ ಓದಿ, ಪುಸ್ತಕ ಮಗುಚಿ, ಮನೆಯಲ್ಲಿ ತಮ್ಮನಿಗೋ ತಂಗಿಗೋ ಹೇಳುವ ಹಾಗೆ ಬರೆಯಿರಿ. ಆಮೇಲೆ ಪುಸ್ತಕ ತೆರೆದು ಹೆಸರು, ದಿನಾಂಕ, ಅಂಕಿಗಳನ್ನು ಮಾತ್ರ ತಾಳೆ ನೋಡಿ. ಹೇಳಲು ಬಾರದಿದ್ದರೆ ಪ್ಯಾರಾ ಅರ್ಥವಾಗಿಲ್ಲ ಎಂದರ್ಥ, ಮತ್ತೆ ಓದಿ.

ಇಂಗ್ಲಿಷ್ ಪುಸ್ತಕದಿಂದ ಉದ್ಧರಿಸುವುದಾದರೆ ಇಂಗ್ಲಿಷ್ ಸಾಲನ್ನೇ ಇಳಿಸಿಕೊಂಡು, ಕೆಳಗೆ ಕನ್ನಡ ಮಾಡಿ, “ನನ್ನ ಅನುವಾದ” ಎಂದು ಗುರುತು ಹಾಕಿ. ಬರೀ ಕನ್ನಡವಷ್ಟೇ ಇದ್ದರೆ ಮುಂದೆ ಯಾರೋ ಅದನ್ನೇ ಅವರ ಬಾಯಿಂದ ಬಂದ ಮಾತೆಂದು ತಿಳಿಯುತ್ತಾರೆ.

ಹೆಸರುಗಳು

ಕೊಡಗಿನ ಜೀವನಚರಿತ್ರೆಯಲ್ಲಿ ಎಡವುವುದು ಹೆಚ್ಚಾಗಿ ಇಲ್ಲೇ. ಕೊಡಂದೇರ ಮಾದಪ್ಪ ಕಾರ್ಯಪ್ಪ, ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ: ಇಬ್ಬರದೂ ಒಂದೇ ಮನೆಹೆಸರು, ಇಬ್ಬರೂ ಸೇನೆಯ ಮುಖ್ಯಸ್ಥರು. ಚೀಟಿಯಲ್ಲಿ “ಜನರಲ್ ಕೆ.” ಎಂದು ಬರೆದುಕೊಂಡರೆ ಯಾರೆಂದು ಹೇಳುವುದು? ಆ ಮನೆಹೆಸರೇ ಒಂದು ಕಡೆ ಕೊಡಂದೇರ ಎಂದೂ ಇನ್ನೊಂದು ಕಡೆ ಕೋದಂಡೇರ ಎಂದೂ ಅಚ್ಚಾಗಿರುತ್ತದೆ. ಕಾರ್ಯಪ್ಪ ಹೋಗಿ ಕಾರಿಯಪ್ಪ ಆಗಿರುತ್ತದೆ. ನೋಟ್‌ಬುಕ್ಕಿನ ಕೊನೆಯ ಎರಡು ಪುಟಗಳನ್ನು ಹೆಸರುಗಳಿಗೇ ಮೀಸಲಿಡಿ. ಪ್ರತಿಯೊಬ್ಬರ ಪೂರ್ತಿ ಹೆಸರು, ಮನೆಹೆಸರು, ನೋಡಿದ ಬೇರೆ ಬೇರೆ ಕಾಗುಣಿತ, ನಿಮ್ಮ ವ್ಯಕ್ತಿಗೆ ಏನಾಗಬೇಕು ಎಂಬುದನ್ನು ಒಂದೊಂದು ಸಾಲಿನಲ್ಲಿ ಬರೆಯಿರಿ. ಪ್ರಬಂಧದಲ್ಲಿ ಒಂದೇ ಕಾಗುಣಿತ ಬಳಸಿ. ಹುಡುಕುವಾಗ ಮಾತ್ರ ಎಲ್ಲವನ್ನೂ ಹಾಕಿ ಹುಡುಕಿ.

ಊರುಗಳಿಗೂ ಇದೇ ಮಾತು. ಬ್ರಿಟಿಷರ ಕಾಲದ ಕಾಗದಗಳಲ್ಲಿ ಕೊಡಗು ಕೂರ್ಗ್, ಮಡಿಕೇರಿ ಮರ್ಕೆರಾ, ಕುಶಾಲನಗರ ಫ್ರೇಜರ್‌ಪೇಟೆ. ಈಗಿನ ಹೆಸರಿನಲ್ಲಿ ಹುಡುಕಿ “ಏನೂ ಸಿಗಲಿಲ್ಲ” ಎಂದು ಕೈಬಿಡಬೇಡಿ.

ಮೊಮ್ಮಗನಿಗೆ ಅಜ್ಜನ ಹೆಸರಿಡುವ ಮನೆಗಳಲ್ಲಿ ಮೂರು ತಲೆಮಾರಿಗೆ ಒಂದೇ ಹೆಸರು ಎರಡು ಸಲ ಬರುತ್ತದೆ. ಹೆಸರಿನ ಪಕ್ಕ ಹುಟ್ಟಿದ ವರ್ಷವನ್ನು ಅಂದಾಜಿಗಾದರೂ ಬರೆದಿಟ್ಟರೆ ಅಜ್ಜನ ಪದಕ ಮೊಮ್ಮಗನ ಎದೆಗೆ ಹೋಗುವುದು ತಪ್ಪುತ್ತದೆ. ಹೆಣ್ಣುಮಕ್ಕಳ ವಿಷಯದಲ್ಲಿ ಮದುವೆಯ ಹಿಂದಿನ ಒಕ್ಕ (ಮನೆತನ), ಮುಂದಿನ ಒಕ್ಕ ಎರಡನ್ನೂ ಕೇಳಿ ಬರೆಯಿರಿ. ತಾಮನೆಯ, ಅಂದರೆ ತವರಿನ, ಹೆಸರು ಬಿಟ್ಟರೆ ಅವರ ಬಾಲ್ಯದ ಅರ್ಧ ದಾರಿಯೇ ಮುಚ್ಚಿಹೋದಂತೆ. ಗೌರಮ್ಮನವರು ತಮ್ಮ ಬರಹಗಳಿಗೆ ಮಿಸೆಸ್ ಬಿ.ಟಿ.ಜಿ. ಕೃಷ್ಣ ಎಂಬ ಹೆಸರನ್ನೂ ಬಳಸಿದ್ದರು. ಬರೀ “ಗೌರಮ್ಮ” ಎಂದು ಹಳೆಯ ಪತ್ರಿಕೆಗಳಲ್ಲಿ ಹುಡುಕುವವರಿಗೆ ಅಂಥವು ಕಣ್ಣಿಗೇ ಬೀಳುವುದಿಲ್ಲ.

ಹಿರಿಯರ ಮಾತು

ಮನೆಗೆ ಹೋಗುವ ಮೊದಲು ಫೋನ್ ಮಾಡಿ, ಯಾಕೆ ಬರುತ್ತಿದ್ದೇವೆ, ಎಷ್ಟು ಹೊತ್ತು ಬೇಕು ಎಂದು ಹೇಳಿ. ತೋಟದ ಮನೆಗಳಲ್ಲಿ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲಿನ ಗಡಿಬಿಡಿ ಇರುತ್ತದೆ. ಆ ತಿಂಗಳುಗಳಲ್ಲಿ ಸಂಜೆ ಹೋಗುವುದು ವಾಸಿ. ಒಂದು ಸಲಕ್ಕೆ 45 ನಿಮಿಷ ಸಾಕು. ಎಂಬತ್ತು ದಾಟಿದವರಿಗೆ ಅದೂ ಹೆಚ್ಚಾಗಬಹುದು, ಎರಡು ಸಲ ಹೋಗಿ.

ರೆಕಾರ್ಡ್ ಮಾಡಲು ಒಪ್ಪಿಗೆ ಕೇಳಿ. ಆ ಪ್ರಶ್ನೆ ಮತ್ತು ಅವರ “ಆಗಲಿ” ಎರಡೂ ರೆಕಾರ್ಡಿನ ಮೊದಲಲ್ಲೇ ಬರಲಿ. ಬೇಡವೆಂದರೆ ಒತ್ತಾಯ ಮಾಡಬೇಡಿ, ಕೈಯಲ್ಲಿ ಬರೆದುಕೊಳ್ಳಿ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಇಲ್ಲವಾದರೆ ನಡುವೆ ಕರೆ ಬಂದು ರೆಕಾರ್ಡಿಂಗ್ ನಿಂತುಹೋಗಬಹುದು. ಫೋನನ್ನು ಬರಿಯ ಮರದ ಮೇಜಿನ ಮೇಲಿಟ್ಟರೆ ಲೋಟ ಇಟ್ಟ ಸದ್ದೂ ಗುಡುಗಿದಂತೆ ಕೇಳಿಸುತ್ತದೆ. ಮಡಚಿದ ಟವೆಲಿನ ಮೇಲೆ, ಅವರಿಂದ ಎರಡು ಅಡಿಯೊಳಗೆ ಇಡಿ. ಶೀಟಿನ ಮಾಡಿನ ಮೇಲೆ ಮಳೆ ಬೀಳುತ್ತಿದ್ದರೆ ಒಳಗಿನ ಕೋಣೆಗೆ ಹೋಗೋಣವೇ ಎಂದು ಕೇಳಿ. ಮಳೆಯ ಸದ್ದಿನಲ್ಲಿ ಹೆಸರುಗಳೇ ಮೊದಲು ಕಳೆದುಹೋಗುವುದು.

“ಅವರು ಒಳ್ಳೆಯವರಾಗಿದ್ದರಾ?” ಎಂದು ಕೇಳಿದರೆ “ತುಂಬ ಒಳ್ಳೆಯವರು” ಎಂಬ ಉತ್ತರ ಬರುತ್ತದೆ, ಅಲ್ಲಿಗೆ ಮುಗಿಯಿತು. “ರಜೆಯಲ್ಲಿ ಊರಿಗೆ ಬಂದಾಗ ಬೆಳಿಗ್ಗೆ ಎದ್ದು ಮೊದಲು ಏನು ಮಾಡುತ್ತಿದ್ದರು?” ಎಂದು ಕೇಳಿ. ಸಂಗತಿ ಹೇಳಿದ ಮೇಲೆ ಇನ್ನೊಂದನ್ನು ತಪ್ಪದೆ ಕೇಳಬೇಕು: “ಇದನ್ನು ನೀವೇ ನೋಡಿದ್ದಾ ಅಜ್ಜ, ಅಥವಾ ಯಾರಾದರೂ ಹೇಳಿದ್ದಾ?” ಉತ್ತರವನ್ನು ಚೀಟಿಯಲ್ಲಿ “ಕಂಡದ್ದು”, “ಕೇಳಿದ್ದು” ಎಂದು ಬರೆಯಿರಿ. ಕೇಳಿದ್ದಾದರೆ ಯಾರಿಂದ ಎಂಬುದೂ ಬೇಕು.

ಭಾಷೆಯ ವಿಷಯ ಒಂದಿದೆ. ಕೊಡವ ತಕ್ಕಿನಲ್ಲಿ ಮಾತಾಡುವ ಬಹಳ ಮನೆಗಳಲ್ಲಿ “ತಾಯಿ” ಎಂದರೆ ಅಜ್ಜಿ, ಹೆತ್ತವಳು “ಅವ್ವ”. ಕೇಳಿದವರು ಕನ್ನಡದ ಕಿವಿಯಿಂದ ಕೇಳಿ “ತಾಯಿ ಸಾಕಿದರು” ಎಂದು ಬರೆದುಕೊಂಡರೆ, ಅಜ್ಜಿ ಸಾಕಿದ ಮಗು ಅಮ್ಮ ಸಾಕಿದ ಮಗುವಾಗುತ್ತದೆ. ಜೀವನಚರಿತ್ರೆಯಲ್ಲಿ ಇದು ಸಣ್ಣ ವ್ಯತ್ಯಾಸವಲ್ಲ. ಸಂಬಂಧಸೂಚಕ ಪದವನ್ನು ಅವರು ಹೇಳಿದ ಹಾಗೆಯೇ ಬರೆದು, ಪಕ್ಕದಲ್ಲಿ ಅರ್ಥ ಕೇಳಿ ಬರೆಯಿರಿ. ಅರೆಭಾಷೆ, ಬ್ಯಾರಿ, ಮಲಯಾಳಂ, ಯರವ ಯಾವುದಾದರೂ ಇದೇ ಕ್ರಮ. ಹೊಲದ ಅಳತೆ, ಭತ್ತದ ಅಳತೆ, ಸಂಬಳದ ಆಣೆ ರೂಪಾಯಿ ಇವನ್ನೂ ಹೇಳಿದ ಹಾಗೆಯೇ ಇಡಿ. ಅಲ್ಲೇ ಎಕರೆಗೋ ಈಗಿನ ದುಡ್ಡಿಗೋ ಬದಲಿಸಲು ಹೋಗಬೇಡಿ.

ಅಂದು ರಾತ್ರಿಯೇ ಕುಳಿತು ಚೀಟಿ ಬರೆಯಬೇಕು. ಪೂರ್ತಿ ಮಾತನ್ನು ಅಕ್ಷರಕ್ಕಿಳಿಸಲು ಒಂದು ಗಂಟೆಯ ರೆಕಾರ್ಡಿಗೆ ನಾಲ್ಕು ಗಂಟೆಯಾದರೂ ಹಿಡಿಯುತ್ತದೆ. ಅಷ್ಟು ಪುರುಸೊತ್ತಿಲ್ಲದಿದ್ದರೆ ನಿಮಿಷದ ಪಟ್ಟಿ ಮಾಡಿ: “12:40, ಸೇನೆಗೆ ಸೇರಿದ ದಿನ, 19:05, ಮೊದಲ ಸಂಬಳ”. ಬಳಸುವ ಮಾತುಗಳನ್ನಷ್ಟೇ ಪೂರ್ತಿ ಇಳಿಸಿ, ಪುಟಸಂಖ್ಯೆಯ ಜಾಗದಲ್ಲಿ ನಿಮಿಷ ಹಾಕಿ. ರೆಕಾರ್ಡಿನ ಕಡತಕ್ಕೆ ಫೋನ್ ಕೊಡುವ ಹೆಸರನ್ನೇ ಉಳಿಸದೆ, ವರ್ಷ-ತಿಂಗಳು-ದಿನ ಮತ್ತು ಮಾ1 ಎಂಬ ಗುರುತು ಕೊಟ್ಟು, ಇನ್ನೊಂದು ಕಡೆ ಪ್ರತಿ ಇಡಿ.

“ಆ ವರ್ಷ ಪುತ್ತರಿ ಕಳೆದ ಮೇಲೆ”

ಹಿರಿಯರು ದಿನಾಂಕ ಹೇಳುವುದಿಲ್ಲ, ಕಾಲ ಹೇಳುತ್ತಾರೆ. ಅದು ಬಹಳ ಸಲ ದಿನಾಂಕಕ್ಕಿಂತ ನಂಬಿಕೆಗೆ ಅರ್ಹ. ಕಕ್ಕಡದಲ್ಲಿ ಎಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ಕೈಲ್‌ಪೊಳ್ದ್ ಎಂದರೆ ಸೆಪ್ಟೆಂಬರ್ ಮೊದಲ ದಿನಗಳು. ಕಾವೇರಿ ಸಂಕ್ರಮಣ ಎಂದರೆ ಅಕ್ಟೋಬರ್ 17ರ ಆಸುಪಾಸು. ಪುತ್ತರಿ, ಅಂದರೆ ಸುಗ್ಗಿಯ ಹಬ್ಬ, ಮಾತ್ರ ವರ್ಷ ವರ್ಷಕ್ಕೂ ನವೆಂಬರ್ ಕೊನೆಯಿಂದ ಡಿಸೆಂಬರ್‌ವರೆಗೆ ಜರುಗುತ್ತದೆ. ಹಾಗಾಗಿ “ಪುತ್ತರಿ ಕಳೆದು ಒಂದು ವಾರಕ್ಕೆ” ಎಂದರೆ ಹಾಗೆಯೇ ಬರೆದು, ಆ ವರ್ಷದ ಪುತ್ತರಿಯ ದಿನವನ್ನು ಹಳೆಯ ಪಂಚಾಂಗದಲ್ಲೋ ಪತ್ರಿಕೆಯಲ್ಲೋ ಹುಡುಕಿ. ಸಿಗುವವರೆಗೆ ಅದನ್ನು “ಡಿಸೆಂಬರ್ 5” ಮಾಡಿಬಿಡಬೇಡಿ.

ವರ್ಷ ನೆನಪಾಗದಿದ್ದರೆ ಗೂಟ ನೆಡಿ: ಕೊಡಗು ಮೈಸೂರು ರಾಜ್ಯಕ್ಕೆ ಸೇರುವ ಮೊದಲಾ, ಆಮೇಲಾ? (1956ರ ನವೆಂಬರ್ 1.) ಪಾಕಿಸ್ತಾನದ ಯುದ್ಧದ ಹೊತ್ತಿಗೆ ಮಗ ಹುಟ್ಟಿದ್ದನಾ? ಯುದ್ಧ ಎಂದರೆ 65ರದ್ದಾ, 71ರದ್ದಾ? ಎರಡು ಗೂಟಗಳ ನಡುವೆ ಸಿಕ್ಕಿದರೆ “1957 ಮತ್ತು 1965ರ ನಡುವೆ” ಎಂದು ಬರೆಯಲು ಸಂಕೋಚ ಬೇಡ.

ಪತ್ರಿಕೆಗಳಲ್ಲಿ ಇನ್ನೊಂದು ಬಗೆಯ ತೊಡಕು ಇದೆ. 19ನೇ ತಾರೀಖಿನ ಪತ್ರಿಕೆಯಲ್ಲಿರುವ “ನಿನ್ನೆ” 18; ಅಂಚೆಯಲ್ಲೋ ತಂತಿಯಲ್ಲೋ ಬಂದ ಸುದ್ದಿಯಾದರೆ ಇನ್ನೂ ಹಿಂದಿನದು. ಚೀಟಿಯಲ್ಲಿ ಪತ್ರಿಕೆಯ ತಾರೀಖು, ಘಟನೆಯ ತಾರೀಖು ಎರಡಕ್ಕೂ ಬೇರೆ ಬೇರೆ ಸಾಲು ಕೊಡಿ.

ಫೋಟೊ, ಫಲಕ, ಜಾಲತಾಣ

ಮಡಿಕೇರಿಯ ಸನ್ನಿಸೈಡ್, ತಿಮ್ಮಯ್ಯನವರ ಮನೆ, 2021ರಿಂದ ವಸ್ತುಸಂಗ್ರಹಾಲಯವಾಗಿದೆ. ಅಲ್ಲಿ ಹೋದಾಗ ಫೋಟೊ ತೆಗೆಯಬಹುದೇ ಎಂದು ಕೇಳಿ, ವಸ್ತುವಿನದ್ದೊಂದು, ಅದರ ವಿವರಣೆಯ ಫಲಕದ್ದೊಂದು ತೆಗೆಯಿರಿ. ಫಲಕದ ಮಾತು ಈಚೆಗೆ ಬರೆದದ್ದು. ವಸ್ತುವೇ ಬೇರೆ, ಅದರ ಬಗ್ಗೆ ಹೇಳುವ ಮಾತೇ ಬೇರೆ. ಮನೆಗಳಲ್ಲಿ ಹಳೆಯ ಫೋಟೊ ತೋರಿಸಿದರೆ ಎದುರು, ಹಿಂಬದಿ ಎರಡನ್ನೂ ತೆಗೆಯಿರಿ; ಹಿಂಬದಿಯಲ್ಲಿ ಸ್ಟುಡಿಯೋದ ಮೊಹರು, ತಾರೀಖು ಇರುತ್ತದೆ. ಯಾರು ಎಲ್ಲಿ ನಿಂತಿದ್ದಾರೆ ಎಂದು ಎಡದಿಂದ ಬಲಕ್ಕೆ ಕೇಳಿ ಬರೆದುಕೊಳ್ಳಿ. ಫೋಟೊದ ಮೇಲೆ ಪೆನ್ನು ತಾಗಿಸಬೇಡಿ, ಆಲ್ಬಂನಿಂದ ಕೀಳಬೇಡಿ, ಮನೆಗೆ ಒಯ್ಯಲು ಕೇಳಬೇಡಿ. 2018ರ ಆಗಸ್ಟಿನ ಭೂಕುಸಿತದಲ್ಲಿ ಮನೆಯೊಂದಿಗೆ ಕಾಗದಪತ್ರವನ್ನೂ ಕಳೆದುಕೊಂಡ ಕುಟುಂಬಗಳಿವೆ. ಉಳಿದ ಒಂದು ಫೋಟೊ ಅವರಿಗೆ ಏನು ಎಂಬುದು ನೆನಪಿರಲಿ.

ಜಾಲತಾಣದ ಪುಟ ಬದಲಾಗುತ್ತದೆ, ಆದ್ದರಿಂದ ವಿಳಾಸದ ಜೊತೆ ನೋಡಿದ ದಿನವನ್ನೂ ಬರೆಯಿರಿ. ವಿಕಿಪೀಡಿಯವನ್ನು ಬಾಗಿಲಿನಂತೆ ಬಳಸಿ, ಕೆಳಗಿನ ಅಡಿಟಿಪ್ಪಣಿಗಳ ಹಿಂದೆ ಹೋಗಿ. ವಾಟ್ಸ್ಆ್ಯಪ್ಪಿನಲ್ಲಿ ಬಂದದ್ದಕ್ಕೆ ಚೀಟಿ ಮಾಡುವುದಾದರೆ ಅದು “?” ಚೀಟಿ ಮಾತ್ರ. 1965ರ ಯುದ್ಧದಲ್ಲಿ ಕಾರ್ಯಪ್ಪನವರ ಮಗ ಪಾಕಿಸ್ತಾನದಲ್ಲಿ ಸೆರೆಯಾಗಿದ್ದರು, ಅದು ದಾಖಲಾದ ಸಂಗತಿ. ಬಿಡುಗಡೆಯ ಮಾತು ಬಂದಾಗ ತಂದೆ ಏನು ಹೇಳಿದರು ಎಂಬುದು ಮಾತ್ರ ಒಂದೊಂದು ಕಡೆ ಒಂದೊಂದು ಮಾತಿನಲ್ಲಿ ಸಿಗುತ್ತದೆ. ಉದ್ಧರಣ ಚಿಹ್ನೆಯೊಳಗೆ ಹಾಕುವ ಮೊದಲು, ಅದನ್ನು ಮೊದಲು ಬರೆದವರು ಯಾರು, ಅವರಿಗೆ ಹೇಳಿದವರು ಯಾರು ಎಂದು ಹುಡುಕಲೇಬೇಕು.

ಎರಡು ಆಕರ ಎರಡು ಮಾತು ಹೇಳಿದಾಗ

ಕಾರ್ಯಪ್ಪನವರು ಹುಟ್ಟಿದ್ದು 1899 ಎಂದು ಕೆಲವೆಡೆ, 1900 ಎಂದು ಕೆಲವೆಡೆ ಇದೆ. ಇಷ್ಟವಾದ ಒಂದನ್ನು ಉಳಿಸಿ ಇನ್ನೊಂದು ಚೀಟಿಯನ್ನು ಹರಿದುಹಾಕುವುದು ದೊಡ್ಡ ತಪ್ಪು. ಎರಡನ್ನೂ ಕ್ಲಿಪ್ ಹಾಕಿ ಒಟ್ಟಿಗಿಡಿ. ಆಮೇಲೆ ನೋಡಿ: ಯಾವುದು ಘಟನೆಗೆ ಹತ್ತಿರದ ಕಾಲದಲ್ಲಿ ಬರೆದದ್ದು? ಬರೆದವರಿಗೆ ಗೊತ್ತಾಗುವ ದಾರಿ ಏನಿತ್ತು? ಐದು ಪುಸ್ತಕಗಳು ಒಂದೇ ವರ್ಷ ಹೇಳಿದರೂ, ಐದೂ ಒಂದೇ ಹಳೆಯ ಪುಸ್ತಕದಿಂದ ಎತ್ತಿದ್ದರೆ ಅದು ಒಂದೇ ಸಾಕ್ಷಿ. ಶಾಲೆಯ ದಾಖಲೆಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ; ಮಗುವನ್ನು ಸೇರಿಸುವಾಗ ಅಂದಾಜಿಗೆ ತಾರೀಖು ಬರೆಸುವುದು ಹಿಂದೆ ಎಲ್ಲೆಡೆ ಇತ್ತು. ತೀರ್ಮಾನ ಆಗದಿದ್ದರೆ ಪ್ರಬಂಧದಲ್ಲಿ ಎರಡನ್ನೂ ಕೊಟ್ಟು, ನೀವು ಯಾವುದನ್ನು ಯಾಕೆ ಹಿಡಿದಿದ್ದೀರಿ ಎಂದು ಒಂದು ಸಾಲು ಬರೆಯಿರಿ. ಮೌಲ್ಯಮಾಪನ ಮಾಡುವವರ ಕಣ್ಣಿಗೆ ಆ ಒಂದು ಸಾಲು ಮೂರು ಪುಟದ ಹೊಗಳಿಕೆಗಿಂತ ಹೆಚ್ಚು ತೂಗುತ್ತದೆ.

ಜೋಡಿಸುವುದು

ಚೀಟಿ ಐವತ್ತು ದಾಟಿದ ಮೇಲೆ ಚಾಪೆಯ ಮೇಲೆ ಕಾಲಕ್ರಮದಲ್ಲಿ ಹರಡಿ. ಒಂದು ಹಾಳೆಯಲ್ಲಿ ಮೂರು ಕಂಬ ಎಳೆಯಿರಿ: ವರ್ಷ, ವಯಸ್ಸು, ಚೀಟಿ ಸಂಖ್ಯೆಯ ಜೊತೆಗೆ ಸಂಗತಿ. ವಯಸ್ಸಿನ ಕಂಬ ತಪ್ಪುಗಳನ್ನು ತಾನೇ ಹಿಡಿದುಕೊಡುತ್ತದೆ. 1906ರಲ್ಲಿ ಹುಟ್ಟಿದ ತಿಮ್ಮಯ್ಯನವರು 1926ರಲ್ಲಿ ಸೇನಾಧಿಕಾರಿಯಾದರು ಎಂದರೆ ಲೆಕ್ಕ ಕೂಡುತ್ತದೆ. 1916 ಎಂದು ಕೈತಪ್ಪಿ ಬರೆದಿದ್ದರೆ ಹತ್ತು ವರ್ಷದ ಹುಡುಗ ಅಧಿಕಾರಿಯಾಗಿರುತ್ತಾನೆ. ಚೀಟಿಯೇ ಇಲ್ಲದ ವರ್ಷಗಳೂ ಆಗ ಕಾಣುತ್ತವೆ. ಅವು ಮುಂದಿನ ವಾರದ ಕೆಲಸ. ಒಂದೇ ಆಕರದ ಗುರುತು ಅರ್ಧಕ್ಕಿಂತ ಹೆಚ್ಚು ಚೀಟಿಗಳಲ್ಲಿದ್ದರೆ ಅದು ನಿಮ್ಮ ಪ್ರಾಜೆಕ್ಟ್ ಅಲ್ಲ, ಆ ಪುಸ್ತಕದ ಸಂಕ್ಷೇಪ; ಇನ್ನೆರಡು ಆಕರ ಹುಡುಕಿ. ಕೊನೆಗೆ ಉಪಯೋಗಕ್ಕೆ ಬಾರದೆ ಇಪ್ಪತ್ತು ಚೀಟಿ ಉಳಿದರೆ ಬೇಸರ ಬೇಡ, ಅಷ್ಟು ಉಳಿಯಲೇಬೇಕು.

ಕರಡು ಬರೆಯುವಾಗ ಪ್ರತಿ ವಾಕ್ಯದ ಕೊನೆಗೆ ಪೆನ್ಸಿಲ್ಲಿನಲ್ಲಿ ಚೀಟಿ ಸಂಖ್ಯೆ ಹಾಕುತ್ತಾ ಹೋಗಿ. ಶುದ್ಧಪ್ರತಿ ಮಾಡುವಾಗ ಅದೇ ಅಡಿಟಿಪ್ಪಣಿಯಾಗುತ್ತದೆ. ಸಂಖ್ಯೆ ಹಾಕಲಾಗದ ವಾಕ್ಯ ಸಿಕ್ಕಿದರೆ ನಿಂತು ನೋಡಿ: ಅದು ನಿಮ್ಮ ಅಭಿಪ್ರಾಯವೋ, ಎಲ್ಲಿಂದ ಬಂತೆಂದು ಮರೆತ ಮಾತೋ?

ಪ್ರಾಜೆಕ್ಟ್ ಒಪ್ಪಿಸುವ ಒಂದು ವಾರ ಮೊದಲು, ಮಾತು ಕೊಟ್ಟ ಹಿರಿಯರ ಮನೆಗೆ ಹೋಗಿ ಅವರ ಭಾಗವನ್ನು ಓದಿ ಹೇಳಿ. “ಇದು ಬೇಡ ಮಗಾ” ಎಂದರೆ ತೆಗೆಯಿರಿ. “ಅದು ಹಾಗಲ್ಲ, ಹೀಗೆ” ಎಂದರೆ ಹಳೆಯ ಚೀಟಿಯನ್ನು ತಿದ್ದಬೇಡಿ. ಅಂದಿನ ತಾರೀಖು ಹಾಕಿ ಹೊಸ ಚೀಟಿ ಬರೆದು ಹಳೆಯದರ ಹಿಂದೆ ಸೇರಿಸಿ. ರೆಕಾರ್ಡಿನ ಒಂದು ಪ್ರತಿಯನ್ನೂ ತೆಗೆದ ಫೋಟೊಗಳನ್ನೂ ಅವರ ಮನೆಯವರ ಫೋನಿಗೆ ಹಾಕಿಕೊಟ್ಟು ಬನ್ನಿ.